ತುಂಬಿದ ಮೇಲಿನ ಪರೀಕ್ಷೆ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಮನೆಮಂದಿ ಇಟ್ಟ ಹೆಸರು ಸೋಪುನೀರು. ಅವರು ಗ್ಯಾಸ್ ಸಿಲಿಂಡರ್ ತುಂಬುವ ಕಾರ್ಖಾನೆಯಲ್ಲಿ ಪರೀಕ್ಷಕರು. ಸಿಲಿಂಡರಿನ ಬಾಯಿಗೆ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೋ ಇಲ್ಲವೋ ನೋಡುವುದು ಅವರ ಕೆಲಸ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಎಲ್ಲರೂ ಕೆಲಸವನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಮನೆಗೆ ಬರುತ್ತಾರೆ. ಈ ಮನುಷ್ಯ ಸೋಪುನೀರಿನ ಪುಟ್ಟ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದರು. ನೆಂಟರ ಮನೆಗೆ ಹೋದರೆ ಕೂರುವ ಮುಂಚೆ ಅಡುಗೆಮನೆಗೆ ನುಗ್ಗಿ ಒಲೆಯ ಪೈಪಿಗೆ ಹಚ್ಚಿ ನೋಡುತ್ತಿದ್ದರು. ನಾನು ಮದುವೆಯಾಗಬೇಕಿದ್ದ ಹುಡುಗನ ಮನೆಗೆ ಮೊದಲ ಸಲ ಹೋದಾಗಲೂ ಅದೇ ಕತೆ. ಹುಡುಗನ ತಾಯಿ ಕಣ್ಣರಳಿಸಿಕೊಂಡು ನಿಂತಿದ್ದರೆ ಭಾವ ಒಲೆಯ ಹಿಂದಿನಿಂದ ತಲೆ ಹೊರಗೆ ಹಾಕಿ, "ಮೊದ್ಲು ಈ ಪೈಪ್ ಬದಲಾಯಿಸಿ ಅಮ್ಮಾ, ಆಮೇಲೆ ಮಾತಾಡೋಣ," ಅಂದಿದ್ದರು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಮೊಸರಿನಲ್ಲಿ ಕಲ್ಲು ಹುಡುಕುವವರು ಅಂತಾರಲ್ಲ, ಅವರಿಗೂ ಭಾವನಿಗೂ ಒಂದು ವ್ಯತ್ಯಾಸ ಇದೆ. ಅವರಿಗೆ ಕಲ್ಲು ಸಿಕ್ಕರೆ ಖುಷಿ. ಭಾವನಿಗೆ ಸಿಗದಿದ್ದರೆ ಖುಷಿ. ಕೊಡೆ ಕೊಳ್ಳಲು ಹೋದರೆ ಅಂಗಡಿಯ ನಲ್ಲಿ ಎಲ್ಲಿದೆ ಎಂದು ಕೇಳುತ್ತಿದ್ದರು. ಕುರ್ಚಿಯನ್ನು ಅಲ್ಲಾಡಿಸದೆ ಕೂತವರಲ್ಲ. ಮನೆಗೆ ಬೀಗ ಹಾಕಿ, ಎಳೆದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುತ್ತಿದ್ದರು. "ಇವರು ನನ್ನ ಮದುವೆ ಆಗೋ ಮುಂಚೆ ನನಗೂ ಸೋಪುನೀರು ಹಚ್ಚಿ ನೋಡಿರ್ತಾರೆ ಕಣೇ, ನಾನು ನಿದ್ದೇಲಿದ್ದೆ ಅಷ್ಟೇ," ಎಂದು ಅಕ್ಕ ನಗುತ್ತಿದ್ದಳು.

ಅವರ ಕಾರ್ಖಾನೆಯಲ್ಲಿ ಎರಡು ನಿಯಮ. ಸಿಲಿಂಡರನ್ನು ಖಾಲಿ ಇದ್ದಾಗ ಒಮ್ಮೆ ಪರೀಕ್ಷಿಸಬೇಕು, ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಖಾಲಿ ಇದ್ದಾಗ ಗಟ್ಟಿಯಾಗಿ ಕಂಡದ್ದು ತುಂಬಿದಾಗ ಸೋರಬಹುದು. ಇದು ಮೊದಲನೆಯದು. ಎರಡನೆಯದು, ಪರೀಕ್ಷೆಯಲ್ಲಿ ಸೋತ ಸಿಲಿಂಡರನ್ನು ಅಂದೇ ಜಜ್ಜಿ ಚಪ್ಪಟೆ ಮಾಡಬೇಕು. ಹಾಗೇ ಬಿಟ್ಟರೆ ಯಾರೋ ಬಣ್ಣ ಬಳಿದು ಮತ್ತೆ ತುಂಬಿ ಯಾರದೋ ಮನೆಗೆ ಕಳಿಸುತ್ತಾರೆ. ಈ ಎರಡು ನಿಯಮಗಳ ಮೇಲೆ ಭಾವ ಇಡೀ ಬದುಕನ್ನು ನಿಲ್ಲಿಸಿಕೊಂಡಿದ್ದರು. ಅವರ ಕೈಯಿಂದ ಹೋದ ಒಂದು ಸಿಲಿಂಡರೂ ಯಾರ ಮನೆಯನ್ನೂ ಸುಟ್ಟಿಲ್ಲ ಎನ್ನುವುದು ಅವರ ಹೆಮ್ಮೆ. ಅದು ನಿಜ, ನಾನು ಅಲ್ಲಗಳೆಯುವುದಿಲ್ಲ.

ಇನ್ನು ನಮ್ಮಕ್ಕ. ಅವಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದಳು. ಕಿಟಕಿಯ ಮೈಕು ಕೆಟ್ಟು ಎಷ್ಟೋ ಕಾಲವಾಗಿತ್ತು, ಯಾರಿಗೂ ಗೊತ್ತೇ ಆಗಿರಲಿಲ್ಲ. ಅವಳು ಗಾಜಿನ ಹಿಂದೆ ಕೂತು, "ಮೂರನೇ ಕಟ್ಟೆ, ಮೂರನೇ ಕಟ್ಟೆ! ಅಲ್ಲ ಸ್ವಾಮಿ, ಅದು ಎರಡು, ಕಣ್ಣು ಬಿಟ್ಟು ನೋಡಿ!" ಎಂದು ಕೂಗಿದರೆ, ಹೊರಟಿದ್ದ ಬಸ್ಸಿನ ಡ್ರೈವರ್ ಕೂಡ ಬ್ರೇಕ್ ಒತ್ತಿ ತನ್ನನ್ನೇ ಕರೆದಳೇನೋ ಎಂದು ತಿರುಗಿ ನೋಡುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಆ ಗಾದೆ ಕಟ್ಟಿದವರು ನಮ್ಮಕ್ಕನನ್ನು ನೋಡಿರಲಿಲ್ಲ. ಅವಳಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಮನೆಯಲ್ಲಿ ಭಾವ ಮಾತಾಡುತ್ತಿದ್ದದ್ದು ಕಡಿಮೆ, ಮಾತಾಡುವ ಅವಶ್ಯಕತೆಯೇ ಬೀಳುತ್ತಿರಲಿಲ್ಲ. ಅವಳು ಕೇಳುತ್ತಿದ್ದಳು, ಅವಳೇ ಉತ್ತರ ಹೇಳಿಕೊಳ್ಳುತ್ತಿದ್ದಳು, ಆ ಉತ್ತರಕ್ಕೆ ಅವಳೇ ಬೈಯುತ್ತಿದ್ದಳು. ಭಾವ ನಗುತ್ತಾ ಕೂತಿರುತ್ತಿದ್ದರು.

ಆ ಅಕ್ಕನ ಗಂಟಲು ಕಟ್ಟಿತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡೆವು. ಬಿಸಿನೀರು ಕುಡಿಸಿದೆವು, ಎರಡು ದಿನ ಬಾಯಿ ಮುಚ್ಚಿಕೊಂಡಿರು ಎಂದು ಹಾಸ್ಯ ಮಾಡಿದೆವು. ಕಟ್ಟಿದ ಗಂಟಲು ಬಿಡಲೇ ಇಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು, ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ, ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು. ಅಕ್ಕ ಡಾಕ್ಟರನ್ನೇ ನೋಡುತ್ತಿದ್ದಳು. ಬಸ್ಸು ತಪ್ಪಿಸಿಕೊಂಡವರು ಅವಳ ಕಿಟಕಿಯ ಮುಂದೆ ನಿಂತು ನೋಡುವಂಥ ನೋಟ ಅದು. ಭಾವ ಒಂದೇ ಮಾತು ಕೇಳಿದರು. "ಇನ್ನೊಂದ್ಸಲ ಟೆಸ್ಟ್ ಮಾಡಿ ನೋಡ್ತೀರಾ?"

ಇನ್ನೊಂದು ಸಲವೂ ಮಾಡಿದರು. ಅದೇ ಬಂತು.

ಆ ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಮೇಡಮ್ ಇದ್ದರು. ಅವರೇ ನಮಗೊಂದು ದಾರಿ ತೋರಿಸಿದ್ದು. ಶಸ್ತ್ರಚಿಕಿತ್ಸೆಗೆ ಮುಂಚೆ ಅಕ್ಕನ ಧ್ವನಿಯನ್ನು ಎಷ್ಟು ಸಾಧ್ಯವೋ ಅಷ್ಟು ರೆಕಾರ್ಡ್ ಮಾಡಿಡಿ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಯಂತ್ರ ಅವರದೇ ಧ್ವನಿಯಲ್ಲಿ ಹೇಳುವ ಹಾಗೆ ಮಾಡಬಹುದು ಎಂದರು. ಫೋನಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಚೂರುಪಾರು ಸಾಲುವುದಿಲ್ಲ, ಒಳ್ಳೆಯ ಮೈಕಿನಲ್ಲಿ ಗಂಟೆಗಟ್ಟಲೆ ಬೇಕು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಯಾವ ಡಿಸ್ಕನ್ನೂ ನಂಬಬೇಡಿ. ಎರಡು ಕಡೆ ಇಡಿ."

ಭಾವನಿಗೆ ಆ ಕೊನೆಯ ಮಾತು ಸರಿಬರಲಿಲ್ಲ. "ನಂಬೋಕಾಗದ್ದನ್ನ ಎರಡು ಇಟ್ರೆ ನಂಬೋಕಾಗುತ್ತಾ? ಸೋರೋ ಸಿಲಿಂಡರ್ ಎರಡು ಇದ್ರೆ ಮನೆ ಎರಡು ಸಲ ಸುಡುತ್ತೆ. ಒಂದೇ ಇರ್ಲಿ, ಗಟ್ಟಿ ಇರ್ಲಿ," ಎಂದು ದಾರಿಯುದ್ದಕ್ಕೂ ಗೊಣಗಿದರು. ನನಗೂ ಆಗ ಅದು ಜಾಣ ಮಾತಾಗಿಯೇ ಕೇಳಿಸಿತು.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇತ್ತು. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಮೈಕು ಇಟ್ಟೆವು. ಮೇಡಮ್ ಓದಲು ಕೊಟ್ಟ ವಾಕ್ಯಗಳನ್ನು ಅಕ್ಕ ಒಂದು ಪುಟ ಓದಿ ಎಸೆದಳು. "'ಇಂದು ಹವೆ ಆಹ್ಲಾದಕರವಾಗಿದೆ.' ನಾನು ಹುಟ್ಟಿದಾಗಿನಿಂದ ಯಾವತ್ತಾದ್ರೂ ಹೀಗೆ ಅಂದಿದೀನೇನೇ?" ಎಂದು ನನ್ನನ್ನು ಕೇಳಿದಳು. ಆಮೇಲೆ ತನ್ನದೇ ಶುರು ಮಾಡಿದಳು. "ರೀ, ಬಾಗಿಲು ಹಾಕಿದ್ರಾ? ಹಾಕಿದೀರಿ, ನಂಗೊತ್ತು, ಸುಮ್ನೆ ಬನ್ನಿ." "ಏಳ್ರೀ, ಹೊತ್ತು ನೆತ್ತಿ ಮೇಲೆ ಬಂತು." "ಊಟ ಆರಿ ತಣ್ಣಗಾಗ್ತಿದೆ, ಅದಕ್ಕೂ ಸೋಪುನೀರು ಹಚ್ಚಬೇಕಾ?" ಬೈಗುಳವೇ ಒಂದು ಇಡೀ ದಿನದ್ದಾಯಿತು. ನನಗೆ ಬೈದದ್ದು, ಬಸ್ಸಿನವರಿಗೆ ಬೈದದ್ದು, ಎದುರುಮನೆಯವಳಿಗೆ ಬಾಯಿತುಂಬ ಅನ್ನಬೇಕೆಂದು ವರ್ಷಗಟ್ಟಲೆ ಹಲ್ಲು ಕಚ್ಚಿ ನುಂಗಿಕೊಂಡದ್ದು, ಎಲ್ಲ. ಧ್ವನಿ ಒಡೆದಿತ್ತು, ನಡುನಡುವೆ ಗಾಳಿ ಮಾತ್ರ ಬರುತ್ತಿತ್ತು. ಆದರೂ ಅದು ಅವಳದೇ. ಬೇರೆ ಯಾರದೂ ಅಲ್ಲ.

ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಕಂಪ್ಯೂಟರಿನ ಹೊಟ್ಟೆಯೊಳಗೆ ಟಿಕ್ ಟಿಕ್ ಎಂದು ಸದ್ದು ಶುರುವಾಯಿತು. ಆ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್. ಯಂತ್ರ ಏಳಲು ಬೇಕಾದ ಚಿಕ್ಕದೊಂದು, ಫೋಟೋ, ಧ್ವನಿ ಏನೇ ಇದ್ದರೂ ತುಂಬಿಡಲು ದೊಡ್ಡದೊಂದು. ಟಿಕ್ ಎನ್ನುತ್ತಿದ್ದದ್ದು ದೊಡ್ಡದು, ಹಳೆಯದು. ಅಕ್ಕನ ಧ್ವನಿಯೆಲ್ಲ ಅದರಲ್ಲೇ ಇತ್ತು. ಭಾವ ಪೆಟ್ಟಿಗೆಗೆ ಕಿವಿಯಾನಿಸಿ ಕೇಳಿದರು. "ಇದು ಹೋಗೋ ಸದ್ದು," ಎಂದರು.

ಹೊಸ ಡಿಸ್ಕ್ ಕೊಳ್ಳುವ ಕೆಲಸ ಶುರುವಾದದ್ದು ಹೀಗೆ. ಬೇರೆಯವರಾದರೆ ಒಂದು ಅಂಗಡಿಗೆ ಹೋಗಿ ತಂದುಬಿಡುತ್ತಿದ್ದರು. ಭಾವ ರಜೆ ಹಾಕಿ ಊರಿನ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತಿದರು. ಜೊತೆಗೆ ಎಳೆದಾಡಿದ್ದು ನನ್ನನ್ನು. ಮಾರುವವರ ಹತ್ತಿರ ಅವರು ಮಾತೇ ಆಡುತ್ತಿರಲಿಲ್ಲ. ನೆಟ್ಟಗೆ ಹಿಂದಿನ ರಿಪೇರಿ ಮೇಜಿಗೆ ಹೋಗಿ, "ಸತ್ತು ಬರೋದ್ರಲ್ಲಿ ಯಾವುದು ಜಾಸ್ತಿ? ಎಷ್ಟು ವರ್ಷಕ್ಕೆ ಸಾಯುತ್ತೆ? ಹೇಗೆ ಸಾಯುತ್ತೆ, ಹೇಳಿ ಸಾಯುತ್ತಾ, ಹೇಳದೆ ಸಾಯುತ್ತಾ?" ಎಂದು ವಿಚಾರಿಸುತ್ತಿದ್ದರು. ಒಬ್ಬ ರಿಪೇರಿಯವ ನನ್ನ ಕಡೆ ಬಾಗಿ, "ಪೊಲೀಸ್‌ನವ್ರಾ?" ಎಂದು ಪಿಸುಗುಟ್ಟಿದ. ವೇಗವಾಗಿ ತಿರುಗುವುದು ಬೇಡ, ಬಿಸಿಯಾಗುತ್ತದೆ. ತೀರಾ ಹೊಸದಾಗಿ ಬಂದದ್ದು ಬೇಡ, ಅದರ ಗುಣ ಯಾರಿಗೂ ಗೊತ್ತಿಲ್ಲ. ಯಾರೋ ವಾಪಸ್ ಕೊಟ್ಟದ್ದನ್ನು ಸೀಲ್ ಹಾಕಿ ಮಾರುತ್ತಾರೆ, ಸೀಲಿನ ಅಂಚು ನೋಡಬೇಕು. ಹೀಗೆ ಅಳೆದು ಸುರಿದು, ಕೊನೆಗೆ ಹಗಲೂ ರಾತ್ರಿ ಓಡುವ ಕಾವಲು ಕ್ಯಾಮೆರಾಗಳಿಗೆಂದೇ ಮಾಡಿದ ಒಂದು ಭಾರದ ಡಿಸ್ಕನ್ನು ಆರಿಸಿದರು. ಎಲ್ಲ ರಿಪೇರಿ ಮೇಜುಗಳಲ್ಲೂ ಕಡಿಮೆ ಸತ್ತದ್ದು ಅದೇ.

ಆರಿಸಿದ ಮೇಲೆ ಪರೀಕ್ಷೆ ಆಗಬೇಡವೇ? ಅಂಗಡಿಯವ ಒಂದು ಪ್ರೋಗ್ರಾಮ್ ಹಾಕಿಕೊಟ್ಟ. "ಇದ್ರಲ್ಲಿ ಎರಡು ಥರ ಇದೆ ಸಾರ್. ಓದಿ ನೋಡೋದು, ಬರೆದು ನೋಡೋದು. ಬರೆದು ನೋಡೋದೇ ಗಟ್ಟಿ ಟೆಸ್ಟ್, ಮೂಲೆಮೂಲೆಗೂ ಹೋಗುತ್ತೆ."

"ಗಟ್ಟೀದೇ ಹಾಕಿ," ಎಂದರು ಭಾವ.

ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಭಾವ ಕನ್ನಡಕ ಏರಿಸಿದರು. ಅಂಗಡಿಯವ, "ಯೆಸ್ ಒತ್ತಿ ಸಾರ್. ಅದು ಯಾವಾಗ್ಲೂ ಹಾಗೇ ಕೇಳುತ್ತೆ," ಎಂದ. ಒತ್ತಿದರು. ಆ ದಿನವೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತು ಹಸಿರು ಗೆರೆ ಉದ್ದವಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಡಿಸ್ಕ್ ಪಾಸಾಯಿತು. ಮನೆಯಲ್ಲೂ ಇರಲಿ ಎಂದು ಆ ಪ್ರೋಗ್ರಾಮನ್ನೂ ಭಾವ ಕೇಳಿ ಇಸಿದುಕೊಂಡರು.

ಮನೆಗೆ ತಂದು, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ತುಂಬಿದೆವು. ಉಳಿದ ರೆಕಾರ್ಡಿಂಗ್ ಕೂಡ ಹೊಸದರಲ್ಲೇ ಆಯಿತು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅಕ್ಕ ಒಂದೊಂದನ್ನೇ ಹಾಕಿಸಿ ಕೇಳಿದಳು. ತನ್ನ ಬೈಗುಳಕ್ಕೆ ತಾನೇ ನಕ್ಕಳು. "ಸಾಕು ಬಿಡೇ. ಇಷ್ಟಿದ್ರೆ ಈ ಮನುಷ್ಯನ್ನ ಜೀವಮಾನ ಪೂರ್ತಿ ಬೈಕೊಂಡಿರಬಹುದು," ಎಂದಳು.

ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರೆ ಅಲ್ಲಿ ಢಣ್ ಢಣ್ ಎಂದು ಸದ್ದು. ಭಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೆಯ ಡಿಸ್ಕನ್ನಿಟ್ಟು ಸುತ್ತಿಗೆಯಿಂದ ಜಜ್ಜುತ್ತಿದ್ದರು. ನಾನು ಹೌಹಾರಿದೆ. "ಅಯ್ಯೋ, ಏನ್ ಮಾಡ್ತಿದೀರಿ ಭಾವ? ಅದರಲ್ಲೂ ಒಂದು ಕಾಪಿ ಇರ್ತಿತ್ತಲ್ಲ!"

"ಫೇಲ್ ಆದದ್ದನ್ನ ಮನೇಲಿಟ್ಕೋಬಾರದಮ್ಮ. ನಾಳೆ ಯಾರಾದ್ರೂ ಒಳ್ಳೇದು ಅಂದ್ಕೊಂಡು ಅದಕ್ಕೇ ತುಂಬ್ತಾರೆ," ಎಂದು ಇನ್ನೊಂದು ಏಟು ಹಾಕಿದರು. ಒಳಗಿನ ಹೊಳೆಯುವ ತಟ್ಟೆ ಸೊಟ್ಟಗಾಗಿ ಹೊರಗೆ ಇಣುಕಿತು. ಕಾರ್ಖಾನೆಯ ಎರಡನೆಯ ನಿಯಮ ಅದು. ಆದದ್ದಾಯಿತು, ಹೊಸದು ಗಟ್ಟಿಯಾಗಿದೆಯಲ್ಲ ಎಂದುಕೊಂಡು ತಟ್ಟೆ ತೊಳೆಯಲು ಕೂತೆ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಜೀವ ಉಳಿಯಿತು. ಗಂಟಲಿನಲ್ಲಿ ಒಂದು ತೂತು, ಉಸಿರು ಅಲ್ಲಿಂದಲೇ. ಅಕ್ಕನ ತಲೆದಿಂಬಿನ ಪಕ್ಕ ಬರೆದು ಅಳಿಸುವ ಪುಟ್ಟ ಬಿಳಿ ಹಲಗೆ ಇಟ್ಟರು. ನೋಡಲು ಬಂದ ನೆಂಟನೊಬ್ಬ, "ಮಾತು ಬೆಳ್ಳಿ, ಮೌನ ಬಂಗಾರ," ಎಂದು ಸಮಾಧಾನ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ಹಾಗಾದರೆ ನಿನ್ನ ನಾಲಿಗೆ ಕೊಟ್ಟು ಬಂಗಾರ ತಗೋ ಎಂದು ಬಾಯಿಗೆ ಬಂದದ್ದನ್ನು ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅಕ್ಕ ಹಲಗೆಯ ಮೇಲೆ ಬರೆದಳು. "ಇರಲಿ ಬಿಡು. ಮನೆಗೆ ಹೋದ ಮೇಲೆ ನಾನೇ ಹೇಳ್ತೀನಿ." ಯಂತ್ರದಿಂದ ಹೇಳಿಸುತ್ತೇನೆ ಎಂದು ಅವಳ ಅರ್ಥ. ಅವಳು ಆ ದಿನಕ್ಕೇ ಕಾಯುತ್ತಿದ್ದಳು.

ಮೇಡಮ್ ಬಂದು, ಧ್ವನಿಯ ಫೈಲುಗಳನ್ನು ತಂದುಕೊಡಿ, ಕೆಲಸ ಶುರು ಮಾಡುತ್ತೇನೆ ಎಂದರು. ನಾನು ಪೆನ್‌ಡ್ರೈವ್ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದ ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಇತ್ತು.

"ಬಾಮ್ಮ, ಸರಿಯಾದ ಹೊತ್ತಿಗೆ ಬಂದೆ. ನಿನ್ನೆಯಿಂದ ಓಡಿಸ್ತಿದ್ದೆ, ಈಗ ತಾನೇ ಮುಗೀತು. ಒಂದೂ ದೋಷ ಇಲ್ಲ!"

"ಏನು ಓಡಿಸ್ತಿದ್ರಿ?"

"ಟೆಸ್ಟು. ಖಾಲಿ ಇದ್ದಾಗ ಮಾಡಿದ್ವಿ. ತುಂಬಿದ ಮೇಲೆ ಮಾಡಿರ್ಲಿಲ್ವಲ್ಲ?"

ತೆರೆಯ ಮೇಲೆ ಹಸಿರು ಗೆರೆ ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತ್ತು. ಕೆಳಗೆ ಪಾಸ್ ಎಂದು ಬರೆದಿತ್ತು. ನನಗೆ ಆಗಲೂ ಹೊಳೆಯಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ, ಡಿಸ್ಕ್ ತೆರೆಯಲು ಹೋದೆ. ಡಿಸ್ಕ್ ಇರಬೇಕಾದ ಜಾಗದಲ್ಲಿ ಡಿಸ್ಕೇ ಇರಲಿಲ್ಲ. ಚಿಕ್ಕದೊಂದೇ ತೋರಿಸುತ್ತಿತ್ತು. ಮುಚ್ಚಿ ತೆರೆದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಭಾವ ವೈರು ಸಡಿಲವಾಗಿದೆ ಎಂದು ಪೆಟ್ಟಿಗೆ ಬಿಚ್ಚಿ ಒತ್ತಿ ಒತ್ತಿ ನೋಡಿದರು. ಇಬ್ಬರೂ ಆ ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಓಡಿದೆವು.

ಅಂಗಡಿಯವ ನೋಡಿದ, ಮತ್ತೆ ನೋಡಿದ. "ಸಾರ್, ಇದನ್ನ ಏನ್ ಮಾಡಿದ್ರಿ?"

"ಟೆಸ್ಟ್ ಮಾಡಿದೆ. ನೀವು ಹೇಳಿಕೊಟ್ಟಿದ್ದು."

"ಯಾವುದು? ಓದಿ ನೋಡೋದಾ, ಬರೆದು ನೋಡೋದಾ?"

"ಗಟ್ಟೀದು."

ಅಂಗಡಿಯವ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. "ಸಾರ್, ಬರೆದು ನೋಡೋದು ಅಂದ್ರೆ ಇರೋದರ ಮೇಲೇ ಬರೆದು ನೋಡೋದು. ಮೂಲೆಮೂಲೆಗೂ ಸೊನ್ನೆ ಬರೆಯುತ್ತೆ. ಅದಕ್ಕೇ ಅದು ಮೊದ್ಲು ಕೇಳೋದು, ಎಲ್ಲಾ ಅಳಿಸಿಹೋಗುತ್ತೆ, ಪರವಾಗಿಲ್ವಾ ಅಂತ."

"ಅದು ಯಾವಾಗ್ಲೂ ಹಾಗೇ ಕೇಳುತ್ತೆ ಅಂದ್ರಿ," ಎಂದರು ಭಾವ. ಬೈದು ಹೇಳಲಿಲ್ಲ, ನೆನಪಿಸುವ ಹಾಗೆ ಮೆಲ್ಲಗೆ ಹೇಳಿದರು.

ಅಂಗಡಿಯವನ ಮುಖ ಸಣ್ಣಗಾಯಿತು. ಬರೀ ಡಿಲೀಟ್ ಆಗಿದ್ದರೆ ಹೇಗಾದರೂ ತೆಗೆಯಬಹುದಿತ್ತು, ಮೇಲೆ ಬರೆದದ್ದನ್ನು ಬ್ರಹ್ಮ ಬಂದರೂ ತೆಗೆಯಲಾರ ಎಂದ. ಆಮೇಲೆ ಮುಖ ಅರಳಿಸಿ ಕೇಳಿದ. "ಹಳೇದಿತ್ತಲ್ಲ ಸಾರ್? ಟಿಕ್ ಟಿಕ್ ಅಂದ್ರೂ ಪರವಾಗಿಲ್ಲ, ತನ್ನಿ, ಅದರಿಂದ ತೆಗೆಯೋಣ."

ಆ ಕ್ಷಣ ನಾನು ಭಾವನ ಮುಖ ನೋಡಲಿಲ್ಲ. ನೋಡಲಾಗಲಿಲ್ಲ. ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಸಿಟ್ಟು ಎಷ್ಟಿತ್ತೆಂದರೆ ಆ ಡಿಸ್ಕಿನಿಂದಲೇ ಈ ಮನುಷ್ಯನ ತಲೆಗೆ ಬಡಿಯಬೇಕು ಅನ್ನಿಸಿತು. ಒಳಗಿಂದ ಭಾವ ಅಂಗಡಿಯವನನ್ನು ಕೇಳುತ್ತಿದ್ದದ್ದು ಕೇಳಿಸಿತು. "ಡಿಸ್ಕ್ ಒಳ್ಳೇದೇ ಅಲ್ವಾ? ಆರಿಸಿದ್ದು ತಪ್ಪಿರ್ಲಿಲ್ಲ ಅಲ್ವಾ?" ಆತ, "ಇದಕ್ಕಿಂತ ಒಳ್ಳೇ ಡಿಸ್ಕ್ ಇಲ್ಲ ಸಾರ್," ಎಂದ.

ಅಕ್ಕನಿಗೆ ಯಾರು ಹೇಳುವುದು? ನಾನು ಹೇಳುವುದಿಲ್ಲ, ನೀವೇ ಹೇಳಿ ಎಂದು ಖಂಡತುಂಡವಾಗಿ ಹೇಳಿಬಿಟ್ಟೆ. ಭಾವ ಆಸ್ಪತ್ರೆಯ ಕೋಣೆಗೆ ಹೋಗಿ, ಮಂಚದ ಪಕ್ಕದ ಕುರ್ಚಿಯನ್ನು ಅಲ್ಲಾಡಿಸದೆಯೇ ಕೂತುಬಿಟ್ಟರು. ತಲೆ ತಗ್ಗಿಸಿ, ಒಂದನ್ನೂ ಬಿಡದೆ ಹೇಳಿದರು. ಜಜ್ಜಿದ್ದು ಹೇಳಿದರು, ಯೆಸ್ ಒತ್ತಿದ್ದು ಹೇಳಿದರು. ಮದುವೆಯಾದಾಗಿನಿಂದ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲಿರಬೇಕು.

"ನಿನ್ನ ಧ್ವನಿ ಹೋಯ್ತು. ನಾನೇ ಕಳೆದೆ. ಬೈದುಬಿಡು ನನ್ನ," ಎಂದರು.

ಅಕ್ಕ ಬಾಯಿ ತೆರೆದಳು. ಅಭ್ಯಾಸಬಲ. ಕತ್ತಿನ ನರ ಉಬ್ಬಿತು, ಕೈ ಮೇಲೆ ಹೋಯಿತು, ತುಟಿ ಆಡಿತು, ಗಂಟಲಿನ ತೂತಿನಿಂದ ಉಸ್ ಎಂದು ಗಾಳಿ ಬಂತು. ಅಷ್ಟೇ. ಆಗ ನನಗೆ ನಿಜವಾಗಿ ಗೊತ್ತಾಯಿತು, ಅಕ್ಕನ ಮಾತು ಹೋಗಿದೆ ಎಂದು. ಡಾಕ್ಟರು ಹೇಳಿದಾಗ ಅಲ್ಲ, ಅಂಗಡಿಯಲ್ಲಿ ಅಲ್ಲ, ಆಗ. ಅವಳಿಗೂ ಆಗಲೇ ಗೊತ್ತಾದದ್ದಿರಬೇಕು. ತೆರೆದ ಬಾಯಿ ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

ಆಮೇಲೆ ಹಲಗೆ ಎತ್ತಿಕೊಂಡಳು. ಬರೆದಳು. ಭಾವನ ತಗ್ಗಿದ ತಲೆಯ ಕೆಳಗೆ, ಕಣ್ಣಿಗೆ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟಳು.

"ಡಿಸ್ಕ್ ಪಾಸಾಯ್ತಾ?"

"ಪಾಸಾಯ್ತು," ಎಂದರು ಭಾವ. "ಒಂದೂ ದೋಷ ಇಲ್ಲ."

ಮಂಚ ಅಲುಗಾಡಿತು. ಅಕ್ಕನ ಭುಜ ಕುಣಿಯುತ್ತಿತ್ತು, ಹೊಟ್ಟೆ ಕುಣಿಯುತ್ತಿತ್ತು, ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಭಾವ ತಲೆ ತಗ್ಗಿಸಿಕೊಂಡೇ, ಮಂಚದ ಕಂಬಿ ಬಿಗಿಯಾಗಿ ಹಿಡಿದುಕೊಂಡು, ನನ್ನನ್ನು ಕೇಳಿದರು. "ಏನಮ್ಮಾ, ನಗ್ತಿದಾಳಾ? ಅಳ್ತಿದಾಳಾ?"

"ತಲೆ ಎತ್ತಿ ನೀವೇ ನೋಡಿ ಭಾವ," ಅಂದೆ. "ಇನ್ನು ಮೇಲೆ ನೋಡಿಯೇ ತಿಳ್ಕೋಬೇಕು."

ಅವರು ತಲೆ ಎತ್ತಿದರು.